ಭಾನುವಾರ ಮಧ್ಯಾಹ್ನ ಮೂರಕ್ಕೆ ಮನೆ: ಸಂಸಾರಸ್ಥನ ದೂರದ ಬೈಕ್ ಸವಾರಿ

ದೂರದ ಬೈಕ್ ಸವಾರಿಯ ಖುಷಿ ಎಂದರೆ ಎಲ್ಲರೂ ಲಡಾಖಿನಿಂದ ಮಾತು ಶುರು ಮಾಡುತ್ತಾರೆ. ನಾನು ನೆಲಮಂಗಲದಿಂದ ಶುರು ಮಾಡುತ್ತೇನೆ. ಭಾನುವಾರ ಸಂಜೆ ಐದರ ಮೇಲೆ ಆ ಕಡೆಯಿಂದ ಬೆಂಗಳೂರಿಗೆ ಬಂದವರಿಗೆ ನಾನು ಹೇಳುತ್ತಿರುವುದು ಅರ್ಥವಾಗುತ್ತದೆ. ಹಾಸನದ ದಾರಿಯ ಗಾಡಿಗಳು, ತುಮಕೂರು ದಾರಿಯ ಗಾಡಿಗಳು ಎಲ್ಲ ಅಲ್ಲಿ ಬಂದು ಸೇರುತ್ತವೆ. ಎರಡು ದಿನ ಘಾಟಿಯಲ್ಲಿ ಕುಡಿದ ಗಾಳಿಯೆಲ್ಲ ಕ್ಲಚ್ ಹಿಡಿದು ಹಿಡಿದು ಎಡಗೈ ಮಣಿಕಟ್ಟಿನಲ್ಲಿ ಇಳಿದುಹೋಗುತ್ತದೆ. ಮನೆ ಮುಟ್ಟುವಾಗ ಎಂಟೂವರೆ. ಮಗುವಿನ ಹೋಮ್‌ವರ್ಕ್ ಹಾಗೇ ಬಿದ್ದಿದೆ, ಸೋಮವಾರದ ತರಕಾರಿ ಬಂದಿಲ್ಲ. ಇನ್ನು ಆರು ತಿಂಗಳು ಬೈಕಿನ ಮಾತು ಎತ್ತುವ ಹಾಗಿಲ್ಲ.

ಹಾಗಾಗಿ ಇವತ್ತು ಹೇಳಬೇಕೆಂದಿರುವುದು ಒಂದೇ ಸಂಗತಿ. ಸಂಸಾರ ಇರುವವನು ಸವಾರಿಯ ಲೆಕ್ಕವನ್ನು ಹೊರಡುವ ಹೊತ್ತಿನಿಂದ ಹಾಕಬಾರದು, ಮನೆ ಸೇರುವ ಹೊತ್ತಿನಿಂದ ಹಿಂದಕ್ಕೆ ಹಾಕಬೇಕು. ಟೈರು, ಚೈನು, ಊಟ, ನಿದ್ದೆ, ವಿಮೆ ಎಲ್ಲವೂ ಆ ಲೆಕ್ಕದ ಒಳಗೇ ಬರುತ್ತವೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಎರಡನೇ ಶನಿವಾರ, ಭಾನುವಾರ. ಬೆಂಗಳೂರಿನಿಂದ ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಇಳಿದು ಉಜಿರೆ, ಧರ್ಮಸ್ಥಳ. ಬರುವಾಗ ಕೊಕ್ಕಡದ ಮೇಲೆ ಹೆದ್ದಾರಿ ಸೇರಿ ಶಿರಾಡಿ ಹತ್ತಿ ಸಕಲೇಶಪುರ, ಹಾಸನ. ಹೋಗುವಾಗ ಒಂದು ಘಾಟಿ, ಬರುವಾಗ ಇನ್ನೊಂದು. ಒಂದೊಂದು ದಿನ ಸುಮಾರು 300 ಕಿಲೋಮೀಟರ್.

ಈಗ ಭಾನುವಾರದ ಲೆಕ್ಕ. ಮನೆಗೆ ಮೂರು ಗಂಟೆಗೆ ಎಂದು ಮಾತು ಕೊಟ್ಟಿದ್ದೀರಿ. 300 ಕಿಲೋಮೀಟರಿಗೆ ಗಾಡಿ ಓಡುವ ಹೊತ್ತು ಆರು ಗಂಟೆ. ಹೆದ್ದಾರಿಯಲ್ಲಿ ಮೀಟರು 80 ತೋರಿಸಿದರೂ ಘಾಟಿ, ಊರು, ಹಂಪು ಎಲ್ಲ ಸೇರಿ ಸರಾಸರಿ 50ರ ಮೇಲೆ ಬರುವುದಿಲ್ಲ. 350 ಸಿಸಿಯ ಇಂಜಿನ್ ಇದ್ದರೂ ಅಷ್ಟೇ, 650ರದ್ದು ಇದ್ದರೂ ಹೆಚ್ಚುಕಡಿಮೆ ಅಷ್ಟೇ. ತಿಂಡಿ, ಕಾಫಿ, ಪೆಟ್ರೋಲಿಗೆ ಒಂದೂವರೆ ಗಂಟೆ. ಏನಾದರೂ ಆದರೆ ಎಂದು ಇನ್ನೊಂದೂವರೆ ಗಂಟೆ: ಒಂದು ಪಂಕ್ಚರು ಮತ್ತು ಒಂದು ಜೋರು ಮಳೆ. ಒಟ್ಟು ಒಂಬತ್ತು ಗಂಟೆ. ಅಂದರೆ ಧರ್ಮಸ್ಥಳವನ್ನು ಬೆಳಿಗ್ಗೆ ಆರಕ್ಕೆ ಬಿಡಬೇಕು. ಏನೂ ಆಗದಿದ್ದರೆ ಒಂದೂವರೆಗೆ ಮನೆಯಲ್ಲಿರುತ್ತೀರಿ. ಹೇಳಿದ್ದಕ್ಕಿಂತ ಮೊದಲೇ ಬಂದ ಗಂಡನಿಗೆ ಮನೆಯಲ್ಲಿ ಸಿಗುವ ಮರ್ಯಾದೆಯೇ ಬೇರೆ.

ಆ ಕೊನೆಯ ಒಂದೂವರೆ ಗಂಟೆಯನ್ನು ಶನಿವಾರವೇ ಖರ್ಚು ಮಾಡುವುದು ಎಲ್ಲರೂ ಮಾಡುವ ತಪ್ಪು. ಇನ್ನೊಂದು ಜಲಪಾತ ನೋಡಿಬಿಡೋಣ, ಇನ್ನೊಂದು ತಿರುವಿನಲ್ಲಿ ಫೋಟೋ ತೆಗೆಯೋಣ ಎನ್ನುತ್ತಾ ಮಲಗುವುದು ಹನ್ನೊಂದಾಗುತ್ತದೆ, ಏಳುವುದು ಏಳಾಗುತ್ತದೆ. ಆಮೇಲೆ ತಡವಾದದ್ದನ್ನು ವೇಗದಲ್ಲಿ ಸರಿದೂಗಿಸಲು ಹೊರಡುತ್ತೇವೆ. ದೂರದ ಸವಾರಿಯಲ್ಲಿ ನಿಜವಾದ ಅಪಾಯ ಶುರುವಾಗುವುದೇ ಅಲ್ಲಿಂದ.

ಕೆಲವು ದಾರಿಗಳಲ್ಲಿ ಗಡಿಯಾರ ನಿಮ್ಮ ಕೈಯಲ್ಲೇ ಇರುವುದಿಲ್ಲ. ಬಂಡೀಪುರದ ಕಾಡಿನ ರಸ್ತೆ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಬಂದ್, 2009ರಿಂದಲೂ ಹಾಗೇ ನಡೆದಿದೆ. ಊಟಿ, ವಯನಾಡಿನಿಂದ ಮರಳುವವರು ಇದನ್ನು ಮರೆತರೆ ರಾತ್ರಿ ಗಡಿಯಲ್ಲೇ ಕಳೆಯಬೇಕು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕಿಗೆ ಪ್ರವೇಶವಿಲ್ಲ. ಸರ್ವೀಸ್ ರಸ್ತೆಯಲ್ಲೇ ಹೋಗಬೇಕು, ಮೊಬೈಲಿನ ನಕ್ಷೆ ಕಾರಿನ ಹೊತ್ತು ತೋರಿಸಿದರೆ ಅದಕ್ಕೆ ಮುಕ್ಕಾಲು ಗಂಟೆಯಾದರೂ ಸೇರಿಸಿಕೊಳ್ಳಿ. ಮಳೆಗಾಲದಲ್ಲಿ ಚಾರ್ಮಾಡಿ, ಶಿರಾಡಿ ಎರಡೂ ಗುಡ್ಡ ಕುಸಿದು ನಿಲ್ಲುವ ದಾರಿಗಳು. 2019ರ ಆಗಸ್ಟಿನಲ್ಲಿ ಚಾರ್ಮಾಡಿಯಲ್ಲಿ ಗುಡ್ಡ ಕುಸಿದು ರಸ್ತೆಯೇ ಬಂದ್ ಆಗಿತ್ತು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಹೊರಡುವ ಹಿಂದಿನ ಸಂಜೆ ಜಿಲ್ಲಾಡಳಿತದ ಆದೇಶ ನೋಡದೆ ಘಾಟಿಯ ಯೋಜನೆ ಹಾಕಬೇಡಿ.

ಇಲ್ಲಿ ಒಂದು ಅಡ್ಡಮಾತು. ಅಮೆರಿಕದ ಐರನ್ ಬಟ್ ಅಸೋಸಿಯೇಷನ್ ಎಂಬ ಸಂಸ್ಥೆ 24 ಗಂಟೆಯಲ್ಲಿ ಸಾವಿರ ಮೈಲಿ, ಅಂದರೆ 1,600 ಕಿಲೋಮೀಟರಿನ ಮೇಲೆ, ಓಡಿಸಿದವರಿಗೆ ಪ್ರಮಾಣಪತ್ರ ಕೊಡುತ್ತದೆ. ನಮ್ಮಲ್ಲೂ ಹಲವರು ಮಾಡಿದ್ದಾರೆ. ಸಾಧನೆ ಹೌದು, ಅಲ್ಲಗಳೆಯುವುದಿಲ್ಲ. ಆದರೆ ಹೆದ್ದಾರಿ ವಿಭಜಕದ ಮೇಲೆ ಎಮ್ಮೆ ಮಲಗಿರುವ ದೇಶದಲ್ಲಿ, ಬೆಳಿಗ್ಗೆ ಮೂರು ಗಂಟೆಗೆ, ಮನೆಯಲ್ಲಿ ಇಬ್ಬರು ಮಕ್ಕಳಿರುವವನು ಆ ಕಾಗದಕ್ಕಾಗಿ ಓಡಿಸಬೇಕೇ ಎಂದು ಕೇಳಿದರೆ, ಬೇಡ ಎನ್ನುತ್ತೇನೆ. ನನ್ನ ಲೆಕ್ಕ ದಿನಕ್ಕೆ 300ರಿಂದ 350 ಕಿಲೋಮೀಟರ್, ತೀರಾ ನೇರ ಹೆದ್ದಾರಿಯಾದರೆ 450. ಬೆಳಿಗ್ಗೆ ಐದಕ್ಕೆ ಶುರು, ಸಂಜೆ ಐದರೊಳಗೆ ಸ್ಟ್ಯಾಂಡ್ ಹಾಕಿ ಮುಗಿಸುವುದು. ರಾತ್ರಿ ಸವಾರಿ ಇಲ್ಲ.

ಶನಿವಾರವನ್ನು ಹೀಗೆ ಕತ್ತರಿಸಿಕೊಳ್ಳಿ. ಐದಕ್ಕೆ ಬಿಟ್ಟರೆ ಯಡಿಯೂರಿನ ಹತ್ತಿರ ಏಳರೊಳಗೆ ಮೊದಲ ಕಾಫಿ. ಒಂಬತ್ತರ ಒಳಗೆ ಹಾಸನದಲ್ಲಿ ತಿಂಡಿ. ಹತ್ತಕ್ಕೆ ಬೇಲೂರು, ಹನ್ನೊಂದೂವರೆಗೆ ಕೊಟ್ಟಿಗೆಹಾರ, ಒಂದರ ಸುಮಾರಿಗೆ ಉಜಿರೆ. ಒಂದೂವರೆ ಗಂಟೆಗೊಮ್ಮೆ ಅಥವಾ 80 ಕಿಲೋಮೀಟರಿಗೊಮ್ಮೆ ಇಳಿಯಲೇಬೇಕು, ಆಯಾಸ ಇರಲಿ ಬಿಡಲಿ. ಗಾಳಿ ಮೈಯ ನೀರನ್ನು ಬೆವರು ಕಾಣದ ಹಾಗೆ ಒಣಗಿಸಿಬಿಡುತ್ತದೆ, ಬಾಯಾರಿಕೆ ತಿಳಿಯುವ ಹೊತ್ತಿಗೆ ಗಮನ ಆಗಲೇ ಚದುರಿರುತ್ತದೆ. ಇಳಿದಾಗಲೆಲ್ಲ ಒಂದು ಲೋಟ ನೀರು. ಬೆಳಗಿನ ತಿಂಡಿಗೆ ಇಡ್ಲಿ ಸಾಕು, ಮಸಾಲೆ ದೋಸೆಯ ಮೇಲೆ ಪೂರಿ ಬೇಡ. ಮಧ್ಯಾಹ್ನ ಎರಡರಿಂದ ನಾಲ್ಕು ಹೇಗಿದ್ದರೂ ದೇಹ ತೂಕಡಿಸುವ ಹೊತ್ತು, ಅದರ ಮೇಲೆ ಅನ್ನ ಸಾರು ಪಾಯಸ ಬಿದ್ದರೆ ಕೇಳುವುದೇ ಬೇಡ. 80ರ ವೇಗದಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಎರಡು ಸೆಕೆಂಡು ರೆಪ್ಪೆ ಮುಚ್ಚಿದರೆ 44 ಮೀಟರ್ ಯಾರೂ ಓಡಿಸದ ಬೈಕು ಅದು. ಧರ್ಮಸ್ಥಳದ ಊಟ ಮುಗಿಸಿದ ಮೇಲೆ ಓಡಿಸುವುದು ಬಾಕಿ ಇರದ ಹಾಗೆ ದಾರಿ ಹಾಕಿರುವುದು ಅದಕ್ಕೇ.

ಕಿವಿಗೆ ಹತ್ತು ಇಪ್ಪತ್ತು ರೂಪಾಯಿಯ ಫೋಮ್ ಪ್ಲಗ್ ಹಾಕಿಕೊಳ್ಳಿ. ಹೆಲ್ಮೆಟ್ಟಿನ ಒಳಗೆ ಗಾಳಿಯ ಸದ್ದು 90 ಡೆಸಿಬಲ್ ದಾಟುತ್ತದೆ. ಸಂಜೆ ತಲೆ ಭಾರ, ಮನೆಯವರ ಮೇಲೆ ಸಿಡುಕು, ಇವಕ್ಕೆಲ್ಲ ಅರ್ಧ ಕಾರಣ ಆ ಸದ್ದು. ಹಾರ್ನು, ಲಾರಿ ಎಲ್ಲ ಪ್ಲಗ್ಗಿನ ಒಳಗೂ ಕೇಳುತ್ತವೆ, ಹೆದರಬೇಡಿ.

ಮನೆಯವರೊಂದಿಗಿನ ಒಪ್ಪಂದಕ್ಕೆ ಬರೋಣ. ವಾಟ್ಸಾಪಿನ ಲೈವ್ ಲೊಕೇಶನ್ ಗರಿಷ್ಠ ಎಂಟು ಗಂಟೆ, ಆಮೇಲೆ ತಾನಾಗಿ ನಿಲ್ಲುತ್ತದೆ. ಐದಕ್ಕೆ ಹಾಕಿದ್ದು ಒಂದಕ್ಕೆ ನಿಂತರೆ ಮನೆಯಲ್ಲಿ ಎದೆ ಧಸಕ್ ಎನ್ನುತ್ತದೆ. ಘಾಟಿಯಲ್ಲಿ ಸಿಗ್ನಲ್ ಇಲ್ಲದಾಗ ನೀಲಿ ಚುಕ್ಕಿ ಒಂದೇ ಕಡೆ ನಿಂತುಬಿಡುತ್ತದೆ, ಅದೂ ಕಾಡಿನ ಮಧ್ಯೆ. ಇದಕ್ಕಿಂತ ಹಳೆಯ ಪದ್ಧತಿ ವಾಸಿ. ಮೂರು ಊರು ಗೊತ್ತು ಮಾಡಿ: ಹಾಸನದಿಂದ ಒಂದು ಕರೆ, ಕೊಟ್ಟಿಗೆಹಾರದಲ್ಲಿ ಇಳಿಯುವ ಮೊದಲು ಒಂದು, ಉಜಿರೆಯಿಂದ ಒಂದು. ಗೊತ್ತಾದ ಹೊತ್ತಿಗಿಂತ ಎರಡು ಗಂಟೆ ತಡವಾದರೆ ಮಾತ್ರ ಗಾಬರಿ, ಅದಕ್ಕೆ ಮೊದಲು ಬೇಡ ಎಂದು ಇಬ್ಬರೂ ಒಪ್ಪಿಕೊಳ್ಳಿ. ಉಳಿಯುವ ಜಾಗದ ನಂಬರು, ಗಾಡಿಯ ನಂಬರು, ವಿಮೆಯ ಕಾಗದದ ಫೋಟೋ ಹೆಂಡತಿಯ ಫೋನಿನಲ್ಲೂ ಇರಲಿ. ಹೆದ್ದಾರಿಯ ಸಹಾಯಕ್ಕೆ 1033, ಉಳಿದ ತುರ್ತಿಗೆ 112, ಆಂಬುಲೆನ್ಸಿಗೆ 108. ಮನೆಯವರ ನಂಬರು ನಿಮ್ಮ ಫೋನಿನಲ್ಲಿ ಇರುವುದು ಮಾತ್ರ ಸಾಲದು, ಬಿದ್ದಾಗ ಲಾಕ್ ಆಗಿರುವ ಫೋನಿನಿಂದ ಅದನ್ನು ಹುಡುಕಿ ತೆಗೆಯುವುದು ಕಷ್ಟ. ಒಂದು ಚೀಟಿಯಲ್ಲಿ ರಕ್ತದ ಗುಂಪು, ಎರಡು ನಂಬರು ಬರೆದು ಹೆಲ್ಮೆಟ್ಟಿನ ಹೊರಗೆ ಅಂಟಿಸಿ.

ಫೋನಿನ ಮಾತು ಬಂದಿದ್ದಕ್ಕೆ: ಹ್ಯಾಂಡಲಿಗೆ ಫೋನು ಕಟ್ಟುವವರು ನಡುಕ ಹೀರುವ ರಬ್ಬರ್ ಇರುವ ಹೋಲ್ಡರ್ ಬಳಸಿ. ಬೈಕ್ ಇಂಜಿನ್ನಿನ ನಡುಕಕ್ಕೆ ಕ್ಯಾಮೆರಾ ಹಾಳಾಗಬಹುದು ಎಂದು ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿತ್ತು.

ಈಗ ಗಾಡಿ. ಮೊದಲನೆಯದು, ಹೊರಡುವ ಹಿಂದಿನ ದಿನ ಸರ್ವೀಸ್ ಮಾಡಿಸಬೇಡಿ. ಸರ್ವೀಸಿನಿಂದ ಬಂದ ಗಾಡಿಯಲ್ಲೇ ಹೊಸ ತೊಂದರೆಗಳು ಹುಟ್ಟುತ್ತವೆ: ಆಯಿಲ್ ಬೋಲ್ಟ್ ಸರಿಯಾಗಿ ಬಿಗಿದಿರುವುದಿಲ್ಲ, ಚೈನು ಅತಿಯಾಗಿ ಎಳೆದಿರುತ್ತಾರೆ, ಬ್ಯಾಟರಿಯ ತಂತಿ ಸಡಿಲ ಉಳಿದಿರುತ್ತದೆ. ಒಂದು ವಾರ ಮೊದಲೇ ಮಾಡಿಸಿ, 50 ಕಿಲೋಮೀಟರ್ ಓಡಿಸಿ, ಬೆಳಿಗ್ಗೆ ನೆಲದ ಮೇಲೆ ಎಣ್ಣೆಯ ಹನಿ ಇದೆಯೇ ನೋಡಿ.

ಟೈರು. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 2423 ಎಂದಿದ್ದರೆ 2023ರ 24ನೇ ವಾರದಲ್ಲಿ ತಯಾರಾದದ್ದು. ಐದಾರು ವರ್ಷವಾದ ಟೈರು ಸವೆಯದಿದ್ದರೂ ರಬ್ಬರು ಗಟ್ಟಿಯಾಗಿರುತ್ತದೆ, ಒದ್ದೆ ರಸ್ತೆಯಲ್ಲಿ ಹಿಡಿಯುವುದಿಲ್ಲ. ಗಾಳಿ ಎಷ್ಟಿರಬೇಕು ಎಂಬುದು ಹಿಂಚಕ್ರವನ್ನು ಹಿಡಿದಿರುವ ತೋಳಿನ, ಅಂದರೆ ಸ್ವಿಂಗ್ ಆರ್ಮಿನ, ಸ್ಟಿಕ್ಕರಿನಲ್ಲೋ ಪುಸ್ತಕದಲ್ಲೋ ಇರುತ್ತದೆ, ಹಿಂದೆ ಒಬ್ಬರು ಕೂತರೆ ಹಿಂಚಕ್ರಕ್ಕೆ ಮೂರು ನಾಲ್ಕು ಪಿಎಸ್‌ಐ ಹೆಚ್ಚು ಬೇಕು. ಅಳೆಯುವುದು ಟೈರು ತಣ್ಣಗಿರುವಾಗ. ಇಪ್ಪತ್ತು ಕಿಲೋಮೀಟರ್ ಓಡಿ ಬಂಕಿಗೆ ಹೋದರೆ ಮೀಟರು ಹೇಗೂ ಹೆಚ್ಚು ತೋರಿಸುತ್ತದೆ. ಜಾಸ್ತಿ ಇದೆ ಎಂದು ಗಾಳಿ ಬಿಟ್ಟರೆ ಮರುದಿನ ಬೆಳಿಗ್ಗೆ ಕಡಿಮೆಯಾಗಿರುತ್ತದೆ.

ಟ್ಯೂಬ್‌ಲೆಸ್ ಆದರೆ ಪಂಕ್ಚರ್ ಹಾಕಲು ಹದಿನೈದು ನಿಮಿಷ ಸಾಕು. ಮೊಳೆ ಸಿಕ್ಕಿದ ಕೂಡಲೇ ಕೀಳಬೇಡಿ. ಮೊದಲು ಪ್ಲಗ್ ಪಟ್ಟಿಯನ್ನು ಸೂಜಿಗೆ ಪೋಣಿಸಿ ಸಿದ್ಧವಿಟ್ಟುಕೊಳ್ಳಿ, ಆಮೇಲೆ ಕಟಿಂಗ್ ಪ್ಲೇಯರಿನಲ್ಲಿ ಮೊಳೆ ಕಿತ್ತು, ಮೊಳೆ ಹೋಗಿದ್ದ ಓರೆಯಲ್ಲೇ ಅರವನ್ನು ನಾಲ್ಕೈದು ಸಲ ಒಳಗೆ ಹೊರಗೆ ಆಡಿಸಿ. ಪಟ್ಟಿಗೆ ಸಲ್ಯೂಷನ್ ಸವರಿ ಮುಕ್ಕಾಲು ಭಾಗ ಒಳಗೆ ತಳ್ಳಿ, ತಿರುಗಿಸದೆ ಸೂಜಿಯನ್ನು ಒಂದೇ ಸೆಳೆತಕ್ಕೆ ಎಳೆಯಿರಿ. ಹೊರಗುಳಿದ ತುದಿಯನ್ನು ಸ್ವಲ್ಪ ಬಿಟ್ಟು ಕತ್ತರಿಸಿ, ಗಾಳಿ ತುಂಬಿ, ಎಂಜಲು ಸವರಿ ಗುಳ್ಳೆ ಬರುತ್ತದೆಯೇ ನೋಡಿ. ಇದೆಲ್ಲ ನಡು ಭಾಗಕ್ಕೆ ಮಾತ್ರ. ಪಕ್ಕದ ಗೋಡೆ ಹರಿದಿದ್ದರೆ ಪ್ಲಗ್ ನಿಲ್ಲುವುದಿಲ್ಲ, ಟೆಂಪೋ ಹುಡುಕಿ.

ಸ್ಪೋಕ್ ಚಕ್ರದವರ ಕತೆ ಬೇರೆ. ಒಳಗೆ ಟ್ಯೂಬ್ ಇರುವುದರಿಂದ ಗಾಳಿ ಒಮ್ಮೆಗೇ ಇಳಿಯುತ್ತದೆ, ಚಕ್ರವನ್ನೇ ಬಿಚ್ಚಬೇಕು. ಸಣ್ಣ ಊರಿನ ಪಂಕ್ಚರ್ ಅಂಗಡಿಯವರಿಗೆ ಕೈಚಳಕ ಇರುತ್ತದೆ, ಆದರೆ ನಿಮ್ಮ ದೊಡ್ಡ ಬೈಕಿನ ಆಕ್ಸಲ್ ನಟ್ಟಿಗೆ ಹೊಂದುವ ಸ್ಪ್ಯಾನರ್ ಇರುವುದಿಲ್ಲ. ಆ ಸ್ಪ್ಯಾನರು ಮತ್ತು ಹಿಂದಿನ ಮುಂದಿನ ಎರಡೂ ಅಳತೆಯ ಟ್ಯೂಬ್ ನಿಮ್ಮ ಹತ್ತಿರ ಇದ್ದರೆ ಮುಕ್ಕಾಲು ಗಂಟೆಯ ಕೆಲಸ. ಇಲ್ಲದಿದ್ದರೆ ಅರ್ಧ ದಿನ ಹೋಯಿತು.

ಚೈನಿಗೆ 500 ಕಿಲೋಮೀಟರಿಗೊಮ್ಮೆ ಎಣ್ಣೆ. ಸೀಮೆಎಣ್ಣೆಯಲ್ಲಿ ಒರೆಸಿ, 90 ನಂಬರಿನ ಗೇರ್ ಆಯಿಲನ್ನು ಕೆಳಗಿನ ಸಾಲಿನ ಒಳಮೈಗೆ ಹನಿಸಿದರೂ ಸಾಕು, ದುಬಾರಿ ಸ್ಪ್ರೇ ಬೇಕೆಂದಿಲ್ಲ. ಪೆಟ್ರೋಲಿನಲ್ಲಿ ತೊಳೆಯಬೇಡಿ, ಒಳಗಿನ ರಬ್ಬರ್ ರಿಂಗುಗಳು ಹಾಳಾಗುತ್ತವೆ. ಸಡಿಲಿಕೆ ಹಲವು ಗಾಡಿಗಳಲ್ಲಿ 25ರಿಂದ 35 ಮಿಲಿಮೀಟರ್. ಹೊರಡುವ ಉಮೇದಿನಲ್ಲಿ ಬಿಗಿಯಾಗಿ ಎಳೆಸುವವರು ನೆನಪಿಡಿ: ಹಿಂದೆ ಒಬ್ಬರು ಕೂತು ಲಗೇಜು ಬಿದ್ದಾಗ ಸ್ವಿಂಗ್ ಆರ್ಮ್ ಮೇಲೆದ್ದು ಚೈನು ಇನ್ನಷ್ಟು ಬಿಗಿಯುತ್ತದೆ. ಮನೆ ಮುಂದೆ ಸರಿಯಿದ್ದದ್ದು ಹಾಸನದಲ್ಲಿ ಗೇರ್‌ಬಾಕ್ಸಿನ ಬೇರಿಂಗನ್ನು ಎಳೆಯುತ್ತಿರುತ್ತದೆ.

ಕ್ಲಚ್ ಕೇಬಲ್ಲು ಹರಿಯುವ ಮೊದಲು ಲಿವರಿನ ತುದಿಯಲ್ಲಿ ಒಂದೊಂದು ಎಳೆಯಾಗಿ ಬಿಡುತ್ತದೆ. ಹೊಸ ಕೇಬಲ್ಲನ್ನು ಚೀಲದಲ್ಲಿ ಸುರುಳಿ ಸುತ್ತಿ ಇಡುವುದಕ್ಕಿಂತ ಹಳೆಯದರ ಪಕ್ಕದಲ್ಲೇ ಹಾಯಿಸಿ ಟ್ಯಾಗ್ ಕಟ್ಟಿಬಿಡಿ. ಹರಿದಾಗ ಎರಡು ತುದಿ ಸಿಕ್ಕಿಸಿದರೆ ಮುಗಿಯಿತು, ಟ್ಯಾಂಕ್ ಬಿಚ್ಚುವ ಕೆಲಸವಿಲ್ಲ. ಇದರ ಜೊತೆ ಎರಡು ಫ್ಯೂಸು, ಒಂದು ಸ್ಪಾರ್ಕ್ ಪ್ಲಗ್ಗು, ಅಲೆನ್ ಕೀಗಳು, ಎಂ-ಸೀಲ್, ಇನ್ಸುಲೇಷನ್ ಟೇಪು. ಇಷ್ಟಕ್ಕಿಂತ ಹೆಚ್ಚು ಹೊತ್ತರೆ ಅದು ಗ್ಯಾರೇಜು.

ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಿಸಿ. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಊರೊಳಗೆ ಏನೂ ಗೊತ್ತಾಗುವುದಿಲ್ಲ. ಚಾರ್ಮಾಡಿ ಇಳಿಯುವಾಗ ಬ್ರೇಕು ಹಿಡಿದೇ ಇದ್ದರೆ ಬಿಸಿಗೆ ಆ ತೇವ ಆವಿಯಾಗಿ ಲಿವರು ಹ್ಯಾಂಡಲಿನವರೆಗೆ ಬಂದರೂ ಗಾಡಿ ನಿಲ್ಲುವುದಿಲ್ಲ. ಹಾಗಾಗಿ ಹಳೆಯ ಲಾರಿ ಚಾಲಕರ ಲೆಕ್ಕವೇ ಸರಿ: ಘಾಟಿ ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು. ಇಂಜಿನ್ನೇ ತಡೆಯಲಿ, ಬ್ರೇಕು ತಿರುವಿನ ಮುಂಚೆ ಮಾತ್ರ. ತಿರುವಿನ ಒಳಗೆ ಕಣ್ಣು ಪ್ರಪಾತದ ಕಡೆ ಹೋದರೆ ಗಾಡಿಯೂ ಅತ್ತಲೇ ಹೋಗುತ್ತದೆ, ತಿರುವು ಮುಗಿಯುವ ಕಡೆ ನೋಡಿ. ಹತ್ತಿ ಬರುವ ಗಾಡಿಗೆ ಮೊದಲ ಹಕ್ಕು. ಕೆಂಪು ಬಸ್ಸಿಗೆ ಹಿಮ್ಮುರಿ ತಿರುವಿನಲ್ಲಿ ಪೂರ್ತಿ ರಸ್ತೆ ಬೇಕು, ಅದು ಚಾಲಕನ ಹಠವಲ್ಲ, ಬಸ್ಸಿನ ಉದ್ದ. ಮಂಜು ಕವಿದಾಗ ಹೈ ಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆ ಮಾತ್ರ ಕಾಣುತ್ತದೆ, ಲೋ ಬೀಮೇ ಇರಲಿ.

ರಸ್ತೆಗೂ ಕಾಲ ಇದೆ. ಸುಗ್ಗಿಯ ಹೊತ್ತಿಗೆ ಒಳದಾರಿಗಳಲ್ಲಿ ಒಕ್ಕಣೆ ರಸ್ತೆಯ ಮೇಲೇ ನಡೆಯುತ್ತದೆ. ರಾಗಿ ತೆನೆ ಮೆತ್ತಗಿದೆ ಎಂದು ಹಾಯಿಸಬೇಡಿ. ಹುರುಳಿಯಂತೂ ಇನ್ನೂ ಕೆಟ್ಟದ್ದು: ಕಾಳು ಚಕ್ರದ ಕೆಳಗೆ ಗೋಲಿಯಂತೆ ಉರುಳುತ್ತದೆ, ಬಳ್ಳಿ ಹಿಂಚಕ್ರಕ್ಕೆ, ಚೈನಿಗೆ ಸುತ್ತಿಕೊಳ್ಳುತ್ತದೆ, ಒಣಗಿದ್ದು ಬಿಸಿ ಸೈಲೆನ್ಸರಿಗೆ ತಾಗಿ ಹೊತ್ತಿಕೊಳ್ಳಲೂಬಹುದು. ಬ್ರೇಕು ಮುಟ್ಟದೆ, ವಾಲಿಸದೆ, ನೇರವಾಗಿ ನಿಧಾನ ದಾಟಿ, ದಾಟಿದ ಮೇಲೆ ನಿಲ್ಲಿಸಿ ಚಕ್ರ ನೋಡಿ. ಕಬ್ಬು ಕಡಿಯುವ ಕಾಲದಲ್ಲಿ ಮಂಡ್ಯ, ಬೆಳಗಾವಿ, ಬಾಗಲಕೋಟೆ ಕಡೆ ಎರಡೆರಡು ಟ್ರೇಲರಿನ ಟ್ರ್ಯಾಕ್ಟರುಗಳು ಹಿಂದಿನ ದೀಪವಿಲ್ಲದೆ ಹೋಗುತ್ತವೆ. ಸಂಜೆ ಐದಕ್ಕೆ ನಿಲ್ಲಿಸಿ ಎನ್ನುವುದಕ್ಕೆ ಇದೊಂದೇ ಕಾರಣ ಸಾಕು. ಮೊದಲ ಮಳೆಯ ಮೊದಲ ಕಾಲು ಗಂಟೆ ರಸ್ತೆಯ ಎಣ್ಣೆ ಜಿಡ್ಡೆಲ್ಲ ಮೇಲೆ ತೇಲುತ್ತದೆ. ಆಗ ಓಡಿಸಬೇಡಿ, ಟೀ ಕುಡಿಯಿರಿ.

ಇನ್ನು ಹಿಂದೆ ಕೂರುವವರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು, ಆದರೆ ಅದರ ಯೆಜ್ಡಿ ಬೈಕು ಇನ್ನೂ ಎಷ್ಟೋ ಮನೆಗಳ ಆಲ್ಬಮ್ಮಿನಲ್ಲಿದೆ. ಎರಡು ಸೈಲೆನ್ಸರು, ಕಿಕ್ಕರೂ ಗೇರೂ ಒಂದೇ ಲಿವರು. ಟ್ಯಾಂಕಿನ ಮೇಲೆ ಒಂದು ಮಗು, ಹಿಂದೆ ಹೆಂಡತಿ, ಮಧ್ಯೆ ಇನ್ನೊಂದು ಮಗು. ಆ ಚಿತ್ರ ಚೆಂದ. ಇವತ್ತು ಅದನ್ನು ರಸ್ತೆಯ ಮೇಲೆ ತರಬೇಡಿ. ಕಾನೂನಿನಲ್ಲಿ ಓಡಿಸುವವನ ಜೊತೆ ಒಬ್ಬರೇ. ನಾಲ್ಕು ವರ್ಷದೊಳಗಿನ ಮಗುವಾದರೆ 2022ರ ನಿಯಮದ ಪ್ರಕಾರ ಓಡಿಸುವವನಿಗೆ ಕಟ್ಟುವ ಹಾರ್ನೆಸ್, ಅಳತೆಯ ಹೆಲ್ಮೆಟ್, ವೇಗ 40 ಮೀರಬಾರದು. ಅಂಥ ಮಗುವನ್ನು ದೂರ ಕರೆದೊಯ್ಯಬೇಡಿ ಎಂದೇ ಇದರ ಅರ್ಥ. ದೊಡ್ಡ ಮಗುವಿಗೆ ವಯಸ್ಸು ನೋಡಬೇಡಿ, ಕಾಲು ನೋಡಿ. ಎರಡೂ ಪಾದ ಫುಟ್‌ರೆಸ್ಟಿನ ಮೇಲೆ ಪೂರ್ತಿ ಊರುತ್ತಿದ್ದರೆ ಕರೆದೊಯ್ಯಬಹುದು. ನೂರು ಕಿಲೋಮೀಟರ್, ಅದೂ ಬೆಳಿಗ್ಗೆ. ಮಗುವಿನ ಹೆಲ್ಮೆಟ್ ನಿಮ್ಮ ಬೆನ್ನಿಗೆ ಟಕ್ ಟಕ್ ಬಡಿಯಲು ಶುರುವಾದರೆ ಅದು ನಿದ್ದೆ ಹೋಗುತ್ತಿದೆ, ಆ ಕ್ಷಣವೇ ನಿಲ್ಲಿಸಿ.

ಹೆಂಡತಿ ಬರುವುದಾದರೆ ಒಂದೇ ಕಡೆ ಕಾಲು ಹಾಕಿ ಕೂರುವುದು ಪೇಟೆಗೆ ಸರಿ, ಘಾಟಿಗಲ್ಲ. ತೂಕ ಒಂದು ಬದಿಗೆ ಇರುವುದರಿಂದ ತಿರುವಿನಲ್ಲಿ ಗಾಡಿ ಸಮ ವಾಲುವುದಿಲ್ಲ. ಸೆರಗು, ದುಪಟ್ಟಾ ಜಾಕೆಟ್ಟಿನ ಒಳಗೆ. ಸ್ಟೈಲಿಗೆ ಸೀರೆ ಗಾರ್ಡ್ ಬಿಚ್ಚಿಸಿದ್ದರೆ ಮತ್ತೆ ಹಾಕಿಸಿ. ಲಗೇಜು ಕೆಳಗೆ, ಅಕ್ಕಪಕ್ಕ ಸಮತೂಕ, ಭಾರದ್ದು ಸೀಟಿನ ಹತ್ತಿರ. ಕೊಕ್ಕೆಯ ಎಲಾಸ್ಟಿಕ್ ಹಗ್ಗ ಬೇಡ, ಜಾರಿದರೆ ನೇರ ಚಕ್ರಕ್ಕೇ ಸುತ್ತುತ್ತದೆ. ಬಕಲಿನ ಪಟ್ಟಿ ಬಳಸಿ, ಮೊದಲ 20 ಕಿಲೋಮೀಟರಿನ ನಂತರ ಒಮ್ಮೆ ಎಳೆದು ನೋಡಿ, ಬಟ್ಟೆ ಒತ್ತಿಕೊಂಡು ಸಡಿಲವಾಗಿರುತ್ತದೆ.

ಖರ್ಚು ದೊಡ್ಡದಲ್ಲ. 600 ಕಿಲೋಮೀಟರಿಗೆ 35ರ ಮೈಲೇಜಿನಲ್ಲಿ 17 ಲೀಟರು, ಸುಮಾರು 1,800 ರೂಪಾಯಿ. ಬೈಕಿಗೆ ಟೋಲ್ ಇಲ್ಲ. ದೊಡ್ಡ ಖರ್ಚು ಬರುವುದು ವಿಮೆ ಸರಿಯಿಲ್ಲದಾಗ. ಮಾಲೀಕನಿಗೆ ಸಿಗುವ 15 ಲಕ್ಷದ ಅಪಘಾತ ವಿಮೆ ಸಾವಿಗೆ, ಶಾಶ್ವತ ಅಂಗವಿಕಲತೆಗೆ. ಆಸ್ಪತ್ರೆಯ ಬಿಲ್ಲಿಗಲ್ಲ. ಇನ್ನೊಂದು, ಅದು ಆರ್‌ಸಿಯಲ್ಲಿ ಹೆಸರಿರುವವರಿಗೆ. ಬೈಕು ಇನ್ನೂ ಅಪ್ಪನ ಹೆಸರಿನಲ್ಲಿದ್ದು ಓಡಿಸುವವನು ಮಗನಾದರೆ ಆ ರಕ್ಷಣೆ ಮಗನಿಗಿಲ್ಲ. ಬರೀ ಥರ್ಡ್ ಪಾರ್ಟಿ, ಅಂದರೆ ಹೊರಗಿನವರಿಗೆ ಆಗುವ ನಷ್ಟದ ವಿಮೆ, ಮಾಡಿಸಿದವರು, ಹಿಂದೆ ಕೂತವರು ಅದರೊಳಗೆ ಬರುತ್ತಾರೆ ಎಂದು ನಂಬಬೇಡಿ, ಅವರಿಗೆ ಬೇರೆ ಕವರ್ ಸೇರಿಸಿ. ಹೊಸ ಜಾಕೆಟ್ಟಿಗೆ ಹತ್ತು ಸಾವಿರ ಕೊಡುವವರು ಈ ಕಾಗದವನ್ನು ಓದಿಯೇ ಇರುವುದಿಲ್ಲ. ಜಾಕೆಟ್ಟೂ ಬೇಕು, ಐಎಸ್‌ಐ ಗುರುತಿನ ಹೆಲ್ಮೆಟ್ಟೂ ಬೇಕು, ಕಾಗದವೂ ಬೇಕು.

ಭಾನುವಾರ ಮೂರಕ್ಕೆ, ಬಹುಶಃ ಎರಡಕ್ಕೇ, ಗಾಡಿ ಮನೆ ಮುಂದೆ ನಿಂತಿದೆ. ಸ್ನಾನಕ್ಕೆ ಓಡುವ ಮೊದಲು ಹತ್ತು ನಿಮಿಷ. ಚೈನು ಬಿಸಿಯಿರುವಾಗಲೇ ಎಣ್ಣೆ ಚೆನ್ನಾಗಿ ಒಳಗಿಳಿಯುತ್ತದೆ, ಸೆಂಟರ್ ಸ್ಟ್ಯಾಂಡ್ ಹಾಕಿ ಹನಿಸಿಬಿಡಿ. ಇಂಜಿನ್ ಆರಿಸಿ, ಚಕ್ರವನ್ನು ಕೈಯಲ್ಲೇ ತಿರುಗಿಸಿ. ಇಂಜಿನ್ ಓಡುತ್ತಿರುವಾಗ ಗೇರಿಗೆ ಹಾಕಿ ಚೈನಿಗೆ ಬಟ್ಟೆ ಹಿಡಿದವರ ಬೆರಳು ಸ್ಪ್ರಾಕೆಟ್ಟಿನಲ್ಲಿ ಹೋಗಿರುವುದುಂಟು. ಓಡೋಮೀಟರಿನ ಅಂಕಿ, ಹಾಕಿದ ಪೆಟ್ರೋಲು, ದಾರಿಯಲ್ಲಿ ಕೇಳಿದ ಹೊಸ ಸದ್ದು, ಮೂರನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ, ಸೋಮವಾರ ಮರೆತಿರುತ್ತದೆ. ಒದ್ದೆ ಗ್ಲೌಸು, ರೇನ್ ಕೋಟು ಚೀಲದಿಂದ ತೆಗೆದು ಹರಡಿ. ಆಮೇಲೆ ಚೀಲ ಹಿಡಿದು ಸೋಮವಾರದ ತರಕಾರಿಗೆ ನೀವೇ ಹೊರಡಿ.